ಸಂಕಮ್ಮ ಕೊಡದ ಭಾಷೆ

ಆನೇಕಲ್ಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಮುಗಿಸಿ ಬಂದ ಮೊಮ್ಮಗ ಸ್ಪೀಕರಿನಲ್ಲಿ ಹಾಡೊಂದನ್ನು ಹಾಕಿದ್ದಾನೆ. ಡ್ರಮ್ಮಿನ ಪೆಟ್ಟಿಗೆ ಕಿಟಕಿಯ ಗಾಜು ಅದುರುತ್ತಿದೆ. ಒಳಗಿನಿಂದ ಅಜ್ಜಿ, “ಅದು ಮಾದಪ್ಪನ ಪದವಲ್ಲವೇನೋ?” ಎನ್ನುತ್ತಾಳೆ. “ಅಲ್ಲಜ್ಜಿ, ಇದು ರ್‍ಯಾಪ್” ಎಂಬುದು ಹುಡುಗನ ಉತ್ತರ. ಇಬ್ಬರ ಮಾತೂ ಸರಿಯೇ. ಜಗಳ ಹುಟ್ಟಿದ್ದೂ ಅಲ್ಲಿಯೇ.

2020ರ ಗಣೇಶನ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಹೊರಬಂದಿತು. ‘ತ್ರೀ ಪೆಗ್’ ಎಂಬ ಹಾಡಿನಿಂದ ತರುಣರ ಬಾಯಿಗೆ ಬಿದ್ದು, 2018ರಲ್ಲಿ ‘ಬಿಗ್ ಬಾಸ್’ ಗೆದ್ದು ಮನೆಮಾತಾಗಿದ್ದ ಗಾಯಕರು ಈ ಸಲ ಕೈಯಿಕ್ಕಿದ್ದು ಮಲೆಮಹದೇಶ್ವರನ ಭಕ್ತರು ತಲೆತಲಾಂತರದಿಂದ ಹಾಡಿಕೊಂಡು ಬಂದ ಪದಕ್ಕೆ. ಕೆಲವೇ ದಿನಗಳಲ್ಲಿ ಭಕ್ತರಿಂದ ಆಕ್ಷೇಪವೆದ್ದಿತು. ಶಿವಶರಣೆ ಸಂಕಮ್ಮನನ್ನು ದೃಶ್ಯದಲ್ಲಿ ಸಲ್ಲದ ರೀತಿಯಲ್ಲಿ ತೋರಿಸಲಾಗಿದೆಯೆಂಬುದು ಅವರ ದೂರು. ಗಾಯಕರು ಕ್ಷಮೆ ಕೋರಿದರು. ವಿಡಿಯೋ ಯೂಟ್ಯೂಬಿನಿಂದ ಮರೆಯಾಯಿತು.

ಹಳೆಯ ಪದವನ್ನು ಮುಟ್ಟಿದ್ದೇ ತಪ್ಪೆಂದು ಕೆಲವರು, ಕಾಲಕ್ಕೆ ತಕ್ಕ ಕೋಲವೆಂದು ಮತ್ತೆ ಕೆಲವರು. ಆದರೆ ಇದೇ ಪದ 1996ರಲ್ಲಿಯೂ ಊರು ಬಿಟ್ಟು ಪೇಟೆಗೆ ಬಂದಿತ್ತು. ನಾಗಾಭರಣರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಅದನ್ನು ಅಳವಡಿಸಿದರು; ಹಾಡಿದ ಎಲ್. ಎನ್. ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿ ಸಂದಿತು. ಆಗಲೂ ಹೊಸ ವಾದ್ಯಗಳಿದ್ದುವು. ಯಾರೂ ಮುನಿಯಲಿಲ್ಲ. ಆದುದರಿಂದ ತಕರಾರು ತಾಳದ್ದಲ್ಲ. ಒಬ್ಬ ಹೆಣ್ಣನ್ನು ಹೇಗೆ ಕಾಣಬೇಕೆಂಬುದರದು.

ಯಾರು ಈ ಸಂಕಮ್ಮ? ಒಂದು ಕೈಯಲ್ಲಿ ಕಂಚಿನ ಬಟ್ಟಲು, ಮತ್ತೊಂದು ಕೈಯಲ್ಲಿ ದಾರ ಕಟ್ಟಿದ ತಾಳ ಹಿಡಿದು ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಮಹಾಕಾವ್ಯದಲ್ಲಿ ಅವಳ ಕಥೆಯಿದೆ. ಪಿ. ಕೆ. ರಾಜಶೇಖರ ಅವರು ಆ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ‘ಮಲೆಯ ಮಾದೇಶ್ವರ’ ಎಂದು ಪ್ರಕಟಿಸಿದರು. ಸೋಲಿಗರ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮುಂದೆ ಕೈ ಚಾಚುತ್ತಾನೆ. ತಾನಿಲ್ಲದಾಗ ಪರಪುರುಷನನ್ನು ನೋಡೆನೆಂದು ಅವಳು ಭಾಷೆ ಕೊಡಬೇಕು. ಸಂಕಮ್ಮ ಕೊಡುವುದಿಲ್ಲ. ಅದಕ್ಕಾಗಿ ಅವಳು ಉಂಡ ಹಿಂಸೆಯನ್ನು ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಕೊನೆಗೆ ಜಂಗಮನ ವೇಷದಲ್ಲಿ ಬಂದ ಮಾದಪ್ಪ ಅವಳನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಭಾಗ್ಯವನ್ನು ಕರುಣಿಸುತ್ತಾನೆ.

ಅವಳು ಭಾಷೆ ಕೊಡದಿದ್ದುದು ಮನಸ್ಸಿನಲ್ಲಿ ಕಳ್ಳತನವಿದ್ದುದರಿಂದಲ್ಲ. ಕೈಹಿಡಿದವನೇ ನಂಬದಿದ್ದ ಮೇಲೆ ಆಣೆಗೆ ಬೆಲೆಯೇನು? ಕೆಣಕುವ ಹಾಡೆಂದರೆ ಇದು! ಅಕ್ಷರ ಕಲಿಯದ ಗಾಯಕರು ದೇವರ ಹೆಸರಿನಲ್ಲಿಯೇ ಗಂಡಸಿನ ಸಂಶಯವನ್ನು ಊರ ನಡುವೆ ನಿಲ್ಲಿಸಿ ಪ್ರಶ್ನಿಸಿದರು. ಅದರ ಮುಂದೆ ಬಣ್ಣದ ದೀಪಗಳ ಕುಣಿತ ಎಷ್ಟು ಸಪ್ಪೆ! ವಿಡಿಯೋ ತೆಗೆಸಿದ ಬಳಿಕ ಪ್ರಶ್ನೆಯೂ ಮುಗಿಯಿತೆಂದು ಕೈತೊಳೆದುಕೊಂಡವರಿಗೂ ಆ ಹೆಣ್ಣಿನ ಧೈರ್ಯ ಪೂರ್ತಿ ಕಾಣಲಿಲ್ಲವೇನೋ.

ಇಂದು ಭಾಷೆ ಕೇಳುವವನು ಕೈ ಚಾಚಬೇಕಾಗಿಲ್ಲ. ಹೆಂಡತಿಯ ಫೋನನ್ನು ಗುಟ್ಟಾಗಿ ತೆರೆದು ನೋಡಿದರೆ ಸಾಕು. ರಾತ್ರಿಪಾಳಿ ಮುಗಿಸಿ ಬಂದವಳನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಕಾರಿನಲ್ಲಿ ಜೊತೆಗೆ ಯಾರಿದ್ದರೆಂದು ವಿಚಾರಿಸಿದರೆ ಸಾಕು. ನೀಲಯ್ಯ ಕಾಡಿನಲ್ಲಿಯೇ ಉಳಿದಿಲ್ಲ.

ಆನೇಕಲ್ಲು ದ್ರೌಪದಿಯ ಹೆಸರಿನಲ್ಲಿ ಕರಗ ಹೊರುವ ಊರು. ತುಂಬಿದ ಸಭೆಯನ್ನೇ ಪ್ರಶ್ನಿಸಿದ ಹೆಣ್ಣಿಗೆ ಕೈಮುಗಿಯುತ್ತ ಬೆಳೆದ ಅಜ್ಜಿಗೆ ಸಂಕಮ್ಮ ಹೊಸಬಳಲ್ಲ. ಮೊಮ್ಮಗ ಹಾಡನ್ನು ನಿಲ್ಲಿಸಬೇಕಾಗಿಲ್ಲ. ಸದ್ದನ್ನು ಕೊಂಚ ತಗ್ಗಿಸಿ, “ಆಮೇಲೇನಾಯಿತಜ್ಜಿ?” ಎಂದು ಕೇಳಿದರೆ ಸಾಕು. ಮುಂದಿನ ವರ್ಷವೇ ಅವನ ಮದುವೆಯೆಂಬ ಮಾತು ಮನೆಯಲ್ಲಿ ನಡೆದಿದ್ದರಂತೂ, ಕಥೆಯನ್ನು ಪೂರ್ತಿ ಕೇಳುವುದೇ ಒಳ್ಳೆಯದು.