ಅಶೋಕ್ ಕುಮಾರ್ ಯಾರು?



ಈ ದೇಶದ ಹೈಕೋರ್ಟುಗಳಲ್ಲಿ ಅಶೋಕ್ ಕುಮಾರ್ ಅನ್ನೋ ಒಬ್ಬ ಪ್ರತಿವಾದಿ ಇದ್ದಾನೆ. ಅವನ ಮೇಲೆ ದಾವೆ ಹಾಕ್ತಾರೆ, ಆಜ್ಞೆ ಹೊರಡಿಸ್ತಾರೆ. ಅವನಿಗೆ ಊರಿಲ್ಲ, ಕೇರಿಯಿಲ್ಲ, ಅಪ್ಪನ ಹೆಸರಿಲ್ಲ. ವಕೀಲನಂತೂ ಇಲ್ಲವೇ ಇಲ್ಲ. ಅವನು ಯಾರೆಂದು ದಾವೆ ಹಾಕಿದವರಿಗೂ ಗೊತ್ತಿಲ್ಲ, ಆಜ್ಞೆ ಕೊಟ್ಟವರಿಗೂ ಗೊತ್ತಿಲ್ಲ. ಇಂಗ್ಲಿಷರ ಕಾನೂನಿನಲ್ಲಿ ಇಂಥವನನ್ನು ಜಾನ್ ಡೋ ಅಂತಿದ್ದರು. ನಮ್ಮಲ್ಲಿ ಅಶೋಕ್ ಕುಮಾರ್ ಅಂತ ನಾಮಕರಣ ಮಾಡಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಸಿನಿಮಾ, ಹಾಡು ಕದಿಯಬಹುದಾದವನು ಯಾವನೇ ಆಗಲಿ, ಅವನೇ ಅಶೋಕ್ ಕುಮಾರ್. ಅಂದರೆ ನೀವೂ ಆಗಬಹುದು, ನಾವೂ ಆಗಬಹುದು.

ಇವನ ಕತೆಯನ್ನು ಅಮೆರಿಕದಿಂದಲೇ ಶುರು ಮಾಡಬೇಕು.

2011ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಎರಡು ಮಸೂದೆ ಬಂದವು. ಕೆಳಮನೆಯದು ಸೋಪಾ, ಮೇಲ್ಮನೆಯದು ಪಿಪಾ. ಹಿಂದೆ ನಿಂತವರು ಹಾಲಿವುಡ್ಡಿನ ಧಣಿಗಳು ಮತ್ತು ಹಾಡಿನ ಕಂಪನಿಗಳು. ಪೈರಸಿ ತಡೀತೀವಿ ಅಂತ ಬಾಯಲ್ಲಿ ಹೇಳಿದರು. ಕೈಯಲ್ಲಿ ಮಾಡಹೊರಟದ್ದು ಏನು? ಹೊರದೇಶದ ಜಾಲತಾಣವೊಂದು ಕದ್ದ ಮಾಲು ಇಟ್ಟಿದೆ ಅಂತ ಕೋರ್ಟಿನಿಂದ ಆಜ್ಞೆ ತಂದರೆ ಸಾಕು. ಇಂಟರ್‌ನೆಟ್ ಕೊಡುವ ಕಂಪನಿ ಅದರ ದಾರಿ ಮುಚ್ಚಬೇಕು, ಹುಡುಕಿ ಕೊಡುವ ಕಂಪನಿ ಅದರ ಹೆಸರು ಅಳಿಸಬೇಕು, ಹಣ ಸಾಗಿಸುವವರು ಹಣ ತಡೀಬೇಕು, ಜಾಹೀರಾತಿನವರು ಜಾಹೀರಾತು ಕಿತ್ತುಕೊಳ್ಳಬೇಕು. ಕೆಲವು ಪುಟಗಳ ತಪ್ಪಿಗೆ ಇಡೀ ತಾಣಕ್ಕೆ ಶಿಕ್ಷೆ. ಬೆಂಕಿ ಕೊಡಬೇಡಿ, ನೀರು ಕೊಡಬೇಡಿ, ಮಾತಾಡಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಹಿಷ್ಕಾರ ಅಂತಾರೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2012ರ ಜನವರಿ 18. ಇಂಗ್ಲಿಷ್ ವಿಕಿಪೀಡಿಯಾವನ್ನು ಸಂಬಳವಿಲ್ಲದೆ ಬರೆಯುವ ಜನ ತಮ್ಮೊಳಗೇ ಚರ್ಚೆ ಮಾಡಿ, ಅದನ್ನು 24 ಗಂಟೆ ಕಪ್ಪು ಮಾಡಿದರು. ರೆಡಿಟ್ 12 ಗಂಟೆ ಬಾಗಿಲು ಹಾಕಿತು. ಸಾವಿರಾರು ಸಣ್ಣಪುಟ್ಟ ತಾಣಗಳು ಜೊತೆಗೂಡಿದವು. ಗೂಗಲ್ ತನ್ನ ಹೆಸರಿನ ಮೇಲೆ ಕರಿಪಟ್ಟಿ ಎಳೆದು ಸಹಿ ಕೇಳಿತು. 70 ಲಕ್ಷ ಸಹಿ ಬಿದ್ದವು. ಪ್ರತಿನಿಧಿಗಳ ಕಚೇರಿಗಳಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಮಸೂದೆ ತಂದವರ ಜೊತೆ ಹೆಸರು ಕೊಟ್ಟಿದ್ದವರೇ ಒಬ್ಬೊಬ್ಬರಾಗಿ ಜಾರಿಕೊಂಡರು. ಎರಡೇ ದಿನ. ಜನವರಿ 20ಕ್ಕೆ ಎರಡೂ ಮಸೂದೆ ಮೂಲೆ ಸೇರಿದವು.

ಗೂಗಲ್ ನಮ್ಮ ನೆಂಟನೇನೂ ಅಲ್ಲ. ಅದು ಬಂದದ್ದು ತನ್ನ ಗಲ್ಲಾಪೆಟ್ಟಿಗೆ ಉಳಿಸಿಕೊಳ್ಳಲು. ಎರಡು ಗೂಳಿ ಗುದ್ದಾಡಿದಾಗ ಒಂದರ ಕೊಂಬು ನಮ್ಮ ಕಡೆ ಇರಲಿಲ್ಲ ಅಷ್ಟೇ. ಆದರೆ ಫೋನು ಮಾಡಿದ ಲಕ್ಷಾಂತರ ಜನರಿಗೆ ಯಾವ ಗಲ್ಲಾಪೆಟ್ಟಿಗೆಯೂ ಇರಲಿಲ್ಲ. ಅವರನ್ನು ಸಂಘಟಿಸಿದವರಲ್ಲಿ ಆರನ್ ಸ್ವಾರ್ಟ್ಜ್ ಒಬ್ಬ, ನಮ್ಮ ವಯಸ್ಸಿನ ಹುಡುಗ. ಎಂಐಟಿಯ ಜಾಲದಿಂದ ಲಕ್ಷಗಟ್ಟಲೆ ಸಂಶೋಧನಾ ಲೇಖನ ಇಳಿಸಿಕೊಂಡ ಅಂತ ಅಮೆರಿಕದ ಸರ್ಕಾರ ಅವನ ಮೇಲೆ ಕ್ರಿಮಿನಲ್ ಕೇಸು ಜಡಿದಿತ್ತು. ಸಿನಿಮಾ ಅಲ್ಲ, ಲೇಖನ. ದಶಕಗಳ ಜೈಲಿನ ಬೆದರಿಕೆ ತಲೆ ಮೇಲಿತ್ತು. 2013ರ ಜನವರಿ 11ರಂದು ಜೀವ ಕಳೆದುಕೊಂಡ. 26 ವರ್ಷ.

ಈಗ ನಮ್ಮ ಮನೆಗೆ ಬರೋಣ. ಅಮೆರಿಕದಲ್ಲಿ ಮುಂಬಾಗಿಲಲ್ಲಿ ಸೋತದ್ದು ಇಲ್ಲಿ ಹಿತ್ತಲ ಬಾಗಿಲಿಂದ ಬಂತು. ಮಸೂದೆಯಿಲ್ಲ, ಚರ್ಚೆಯಿಲ್ಲ, ಮತದಾನವಿಲ್ಲ. ಅದೇ 2012ರಲ್ಲಿ ‘3’ ಎಂಬ ತಮಿಳು ಸಿನಿಮಾದವರು ಮದರಾಸು ಹೈಕೋರ್ಟಿನಿಂದ ಈ ಹೆಸರಿಲ್ಲದವನ ಮೇಲೆ ಒಂದು ಆಜ್ಞೆ ತಂದರು. ಇಂಟರ್‌ನೆಟ್ ಕಂಪನಿಗಳು ಮಾಡಿದ್ದೇನು? ವಿಮಿಯೋದಂಥ ಇಡೀ ತಾಣಗಳನ್ನೇ ಮುಚ್ಚಿಬಿಟ್ಟವು. ಬರೀ ಅಕ್ಷರ ಅಂಟಿಸುವ ಪೇಸ್ಟ್‌ಬಿನ್ ಕೂಡ ಹೋಯಿತು. ಅಕ್ಷರದೊಳಗೆ ಸಿನಿಮಾ ಎಲ್ಲಿತ್ತು ಸ್ವಾಮಿ? ಜೂನ್ 9ರಂದು ಹಲವು ನಗರಗಳಲ್ಲಿ ಹುಡುಗರು ಮುಖವಾಡ ಹಾಕಿಕೊಂಡು ಬೀದಿಗೆ ಬಂದರು. ಮುಂಬೈಯ ಆಜಾದ್ ಮೈದಾನದಲ್ಲಿ ಸೇರಿದವರು ಹೆಚ್ಚೇನಿರಲಿಲ್ಲ. ಜನ ನೋಡಿ ನಕ್ಕರು. ಆ ತಿಂಗಳು ಮುಗಿಯುವುದರೊಳಗೆ ಅದೇ ಹೈಕೋರ್ಟು ತನ್ನ ಆಜ್ಞೆಯನ್ನು ತಿದ್ದಿ, ಕದ್ದ ಮಾಲಿರುವ ಪುಟ ಮಾತ್ರ ಮುಚ್ಚಿ, ತಾಣ ಮುಚ್ಚಬೇಡಿ ಅಂತ ಹೇಳಬೇಕಾಯಿತು.

ಆದರೆ ಹಿತ್ತಲ ಬಾಗಿಲು ಮುಚ್ಚಲಿಲ್ಲ, ಅಗಲವಾಯಿತು. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ಇಡೀ ತಾಣಗಳನ್ನು ಮುಚ್ಚಲು ಆಜ್ಞೆ ಕೊಟ್ಟಿತು. ಅದೇ ಮಾಲು ಬೇರೆ ಹೆಸರಿನಲ್ಲಿ ಕಂಡರೆ ಹೊಸ ದಾವೆಯೂ ಬೇಡ, ಜಂಟಿ ರಿಜಿಸ್ಟ್ರಾರರ ಮುಂದೆ ಅರ್ಜಿ ಹಾಕಿದರೆ ಸಾಕು. ಹೆಚ್ಚಾಗಿ ಕದ್ದ ಮಾಲೇ ತುಂಬಿರುವ ತಾಣಗಳಿಗೆ ಮಾತ್ರ ಇದು ಅಂತ ಕೋರ್ಟು ಗೆರೆ ಎಳೆದಿದೆ, ನಿಜ. ನಾಳೆ ಒಂದು ತಾಣ ಆ ಗೆರೆಯ ಆಚೆಗಿದೆಯೋ ಈಚೆಗಿದೆಯೋ ಅಂತ ವಾದಿಸಲು ಅಶೋಕ್ ಕುಮಾರ್ ಬರ್ತಾನಾ?

ಇನ್ನು ಸರ್ಕಾರದ ಬೀಗ ಬೇರೆ ಇದೆ. ಐಟಿ ಕಾಯ್ದೆಯ 69ಎ ಕಲಮಿನಲ್ಲಿ ಭದ್ರತೆ, ಶಾಂತಿ ಸುವ್ಯವಸ್ಥೆ ಅಂತ ಹೇಳಿ ಯಾವ ಪುಟವನ್ನಾದರೂ ಮುಚ್ಚಿಸಬಹುದು. 2009ರ ನಿಯಮದ ಪ್ರಕಾರ ದೂರು ಕೊಟ್ಟವರು ಯಾರು, ಏನು ಕ್ರಮವಾಯಿತು ಎಂಬುದೆಲ್ಲ ಗುಟ್ಟು. 2015ರಲ್ಲಿ ಸುಪ್ರೀಂ ಕೋರ್ಟು 66ಎ ಕಲಮನ್ನು ಕಿತ್ತೆಸೆದಾಗ ನಾವೆಲ್ಲ ಸಂತೋಷಪಟ್ಟೆವು. ಅದೇ ತೀರ್ಪು 69ಎಯನ್ನು ಹಾಗೇ ಉಳಿಸಿತು ಅನ್ನೋದನ್ನು ಮರೆತೆವು.

ಹಾಗಾದರೆ ಕಳ್ಳತನ ಸರೀನಾ ಅಂತ ಕೇಳ್ತಾರೆ. ಇಲ್ಲ. ಸೆಟ್ಟಿನಲ್ಲಿ ಲೈಟು ಹಿಡಿದ ಹುಡುಗನ ಕೂಲಿ ಮುಳುಗಿಸಿ ಹಣ ಮಾಡುವವನ ಪರ ನಾವಿಲ್ಲ. ಅವನಿಗೆ 1957ರ ಕಾಪಿರೈಟ್ ಕಾಯ್ದೆಯಲ್ಲೇ ಮೂರು ವರ್ಷದವರೆಗೆ ಜೈಲಿದೆ. ಅವನನ್ನು ಹಿಡೀರಿ, ಹೆಸರು ಹಿಡಿದು ಕೇಸು ಹಾಕಿ. ಒಬ್ಬ ಕಳ್ಳನಿಗಾಗಿ ಬೀದಿಗೇ ಬೇಲಿ ಹಾಕುವುದನ್ನು ನಾವು ಒಪ್ಪಲ್ಲ.

ಇದು ಸಿನಿಮಾ ನೋಡುವವರ ಜಗಳ, ನಮಗೇನು ಅಂತ ಹಾಸ್ಟೆಲಿನ ಗೆಳೆಯರು ಅಂದುಕೊಂಡಿದ್ದರೆ ಇದನ್ನೂ ಕೇಳಿ. ಅದೇ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹಾಕಿದವು. ಮಾಡಿದ ಅಪರಾಧ, ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಹೊಲಿದು ಕೊಟ್ಟದ್ದು! ನಮ್ಮ ಹಾಸ್ಟೆಲಿನಲ್ಲಿ ಒಂದು ಪುಸ್ತಕಕ್ಕೆ ಹತ್ತು ಕೈ. ಜೆರಾಕ್ಸ್ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಬಿ.ಎ. ಮುಗಿಸ್ತಿದ್ದೆವು?

ಅಲ್ಲಿ ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿದರು. ಈ ದಾವೆಯಲ್ಲಿ ನಮ್ಮನ್ನೂ ಸೇರಿಸಿ, ಓದುವವರು ನಾವು, ನಮ್ಮನ್ನು ಕೇಳದೆ ತೀರ್ಮಾನ ಬೇಡ ಅಂತ ಕೋರ್ಟಿಗೆ ಹೋದರು. ಮೇಷ್ಟ್ರುಗಳೂ ಬಂದರು. 2016ರ ಸೆಪ್ಟೆಂಬರ್ 16ರಂದು ದಾವೆ ವಜಾ ಆಯಿತು. ಪಾಠದ ಸಲುವಾಗಿ ಮೇಷ್ಟ್ರು, ವಿದ್ಯಾರ್ಥಿ ಪ್ರತಿ ಮಾಡಿಕೊಳ್ಳುವುದಕ್ಕೆ ಕಾಯ್ದೆಯ 52ನೇ ಕಲಮೇ ಅವಕಾಶ ಕೊಟ್ಟಿದೆ. ಮೇಲ್ಮನವಿಯಲ್ಲಿ ಒಂದಿಷ್ಟು ವಿಚಾರ ಮತ್ತೆ ಕೆಳಗೆ ಬಂತು. 2017ರಲ್ಲಿ ಪ್ರಕಾಶಕರೇ ದಾವೆ ಬಿಟ್ಟು ಹೋದರು.

ಅಮೆರಿಕದಲ್ಲಿ ಗೆದ್ದವರೂ ದೆಹಲಿಯಲ್ಲಿ ಗೆದ್ದವರೂ ಒಂದೇ ಕೆಲಸ ಮಾಡಿದರು. ನಾವಿದ್ದೀವಿ, ನಮ್ಮ ಹೆಸರು ಬರಕೊಳ್ಳಿ ಅಂದರು. ನಾಳೆ ನಿಮ್ಮ ಮೊಬೈಲಿನಲ್ಲಿ ಒಂದು ಪುಟ ತೆರೆಯದಿದ್ದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಮಲಗಬೇಡಿ. ಮುಚ್ಚಿದವರು ಯಾರು, ಯಾವ ಆಜ್ಞೆ, ಅದರ ಪ್ರತಿ ಎಲ್ಲಿ ಅಂತ ಬರೆದು ಕೇಳಿ. ಒಬ್ಬರೇ ಕೇಳಬೇಡಿ, ಹಾಸ್ಟೆಲಿಗೆ ಹಾಸ್ಟೆಲೇ ಸಹಿ ಹಾಕಿ ಕೇಳಿ. ಉತ್ತರ ಬರದಿದ್ದರೆ ಮತ್ತೆ ಕೇಳಿ.

ಈ ಹಾಳೆಗೆ ಕಾಪಿರೈಟ್ ಇಲ್ಲ. ಓದಿ, ಜೆರಾಕ್ಸ್ ಮಾಡಿ, ಪಕ್ಕದ ರೂಮಿಗೆ ಕೊಡಿ.