ಬಾಗಿಲು ಇರೋದು ತೆರೆಯೋಕೆ ಸ್ವಾಮಿ!

ಮೊನ್ನೆ ಭಾನುವಾರ ಮಾದಪ್ಪನ ಬೆಟ್ಟಕ್ಕೆ ಹೊರಟ ನೆಂಟರು ದಾರೀಲಿ ನಮ್ಮ ಬಂಡಳ್ಳಿಗೆ ಬಂದಿದ್ರು. ಟೀ ಕುಡಿಯೋಕೆ ಇಳಿದ್ರು. ಹಿಂದಿನ ಸೀಟಲ್ಲಿ ನಾಲ್ಕು ವರ್ಷದ ಮಗು ನಿದ್ದೆ ಮಾಡ್ತಿತ್ತು, ಕೀ ಗಾಡಿಯಲ್ಲೇ ಇತ್ತು. 'ಟಕ್' ಅಂತು ನೋಡಿ, ನಾಲ್ಕೂ ಬಾಗಿಲು ಲಾಕ್! ಮಗು ಎದ್ದು ಅಳ್ತಾ ಹಿಡಿ ಎಳೆದ್ರೆ, ಅಲ್ಲಿ ಚೈಲ್ಡ್ ಲಾಕ್. ಕೊನೆಗೆ ಕಲ್ಲು ತಗೊಂಡು ಮುಂದಿನ ಗಾಜು ಒಡೆದ್ವಿ.

ಆಮೇಲೆ ಗಾಡಿ ಯಜಮಾನರು ಹೇಳಿದ್ದು: "ಎರಡು ತಿಂಗಳಿಂದ ಹೀಗೇ ಆಡ್ತಿತ್ತು. ಇಂಜಿನ್ ಏನಲ್ವಲ್ಲ, ಬಾಗಿಲು ತಾನೇ?"

ನನ್ನ ತಕರಾರು ಇರೋದೇ ಈ 'ಬಾಗಿಲು ತಾನೇ' ಅನ್ನೋ ಮಾತಿನ ಮೇಲೆ.

ಪವರ್ ಲಾಕ್ ಅಂದ್ರೆ ಮಹಾ ಮಾಯೆ ಏನಲ್ಲ. ಬಾಗಿಲೊಳಗೆ ಒಂದು ಪುಟ್ಟ ಮೋಟಾರು, ಸವೆಯೋ ಪ್ಲಾಸ್ಟಿಕ್ ಹಲ್ಲಿನ ಚಕ್ರ. ಬಾಗಿಲಿಗೂ ಬಾಡಿಗೂ ನಡುವೆ ರಬ್ಬರ್ ಕೊಳವೆಯೊಳಗೆ ವೈರು. ಬಾಗಿಲು ತೆರೆದು ಹಾಕಿದಾಗೆಲ್ಲ ಆ ವೈರು ಬಾಗುತ್ತೆ, ಒಂದು ದಿನ ಒಳಗೇ ತುಂಡಾಗುತ್ತೆ. ಒಂದು ಬಾಗಿಲು ತಡವಾಗಿ ಲಾಕ್ ಆಗೋದು, ತಾನಾಗೇ ಲಾಕ್ ಆಗೋದು, ಇವೆಲ್ಲ ಮುನ್ಸೂಚನೆ. ಆದ್ರೆ ಹಳೇ ಗಾಡಿ ಕೊಳ್ಳೋವಾಗ ನಾವು ನೋಡೋದು ಏಸಿ, ಮ್ಯೂಸಿಕ್ ಸಿಸ್ಟಮ್ಮು, ಮೈಲೇಜು!

ನಿಯಮ ಇಲ್ವಾ? ಇದೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಕೈಕೊಟ್ರೆ ಕೈಯಿಂದ ತೆರೆಯೋ ವ್ಯವಸ್ಥೆ ಕಡ್ಡಾಯ. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಕೂಡದು ಅಂತಲೂ ಆಯ್ತು. ಆದ್ರೆ ಅದಕ್ಕೂ ಹಳೆಯ ಗಾಡಿಗಳ ಗತಿ? ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲೀವರೆಗೆ ಫಿಟ್ನೆಸ್ ಪರೀಕ್ಷೆಯೇ ಇಲ್ಲ. ಹೊಗೆ ತಪಾಸಣೆ ಉಂಟು, ಬಾಗಿಲ ತಪಾಸಣೆ ಇಲ್ಲ.

"ಮಗೂನ ಬಿಟ್ಟು ಇಳಿದದ್ದೇ ತಪ್ಪು" ಅಂತೀರಾ? ಒಪ್ಪಿದೆ. ಆದ್ರೆ 2025ರ ಮೇನಲ್ಲಿ ಆಂಧ್ರದ ವಿಜಯನಗರಂ ಹತ್ತಿರದ ದ್ವಾರಪುಡಿಯಲ್ಲಿ ಯಾರೂ ಮಕ್ಕಳನ್ನ ಬಿಟ್ಟು ಇಳಿದಿರಲಿಲ್ಲ. ಆಡ್ತಾ ಆಡ್ತಾ ನಿಂತ ಕಾರೊಳಗೆ ಹೋದ ನಾಲ್ಕು ಮಕ್ಕಳು ಹೊರಗೆ ಬರಲಾಗದೆ ಅಲ್ಲೇ ಸತ್ತವು. ಬಿಸಿಲಿಗೆ ಮುಚ್ಚಿದ ಕಾರು ಒಲೆ ಆಗೋಕೆ ಬಹಳ ಹೊತ್ತು ಬೇಡ.

ಕಳ್ಳನ್ನ ತಡೆಯೋ ಲಾಕು ನಮ್ಮನ್ನೇ ತಡೆದ್ರೆ ಅದು ಲಾಕಲ್ಲ, ಬೋನು.

ಬ್ಲಾಗ್ ಮಿತ್ರರೇ, ಇವತ್ತೇ ನಿಮ್ಮ ಗಾಡಿಯೊಳಗೆ ಕೂತು ಲಾಕ್ ಮಾಡಿ, ಒಂದೊಂದೇ ಬಾಗಿಲನ್ನ ಒಳಗಿಂದ ಕೈಯಲ್ಲೇ ತೆಗೆದು ನೋಡಿ. ಮಕ್ಕಳಿಗೆ ಮುಂದಿನ ಸೀಟಿಗೆ ದಾಟಿ ಬಾಗಿಲು ತೆಗೆಯೋದು, ಹಾರನ್ ಒತ್ತೋದು ಕಲಿಸಿ. ನಿಂತ ಗಾಡಿಯ ಕೀ ನಿಮ್ಮ ಜೇಬಲ್ಲೇ ಇರ್ಲಿ.

ತೆರೆಯದ ಬಾಗಿಲು ಎಷ್ಟು ಸಿಕ್ತು, ಬಂದು ಹೇಳ್ತೀರಲ್ಲ?