ಅಂಟದ ಗುಣಕ್ಕೆ ಮದ್ದು

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಅನಾಹುತ ಸ್ವಲ್ಪದರಲ್ಲಿಯೇ ತಪ್ಪಿತು. ಅಡಿಗೆಮನೆಯಲ್ಲಿ ಒಂದೇ ಬಗೆಯ ಎರಡು ಪ್ಲಾಸ್ಟಿಕ್ ಡಬ್ಬಿಗಳಿದ್ದವು; ಒಂದರಲ್ಲಿ ಅಡಿಗೆ ಸೋಡ, ಇನ್ನೊಂದರಲ್ಲಿ ಒಗೆಯುವ ಸೋಡ. ನಾನೇ ಮೈದಾ ಅಂಟು ಕಾಯಿಸಿ, ದುಂಡಾದ ಅಕ್ಷರಗಳಲ್ಲಿ ಹೆಸರು ಬರೆದು ಚೀಟಿ ಅಂಟಿಸಿದ್ದೆ. ಅಂಟು ಒಣಗಿತು, ಚೀಟಿಗಳೆರಡೂ ಉದುರಿದವು. ಬೋಂಡದ ಹಿಟ್ಟಿಗೆ ತಪ್ಪು ಪುಡಿ ಬೀಳುವಷ್ಟರಲ್ಲಿ ಅಮ್ಮ ಅದನ್ನು ಬೆರಳಿನಿಂದ ಉಜ್ಜಿ ನೋಡಿ, “ತಡಿಯಮ್ಮ, ಇದು ಅದಲ್ಲ” ಎಂದು ಸೊಸೆಯನ್ನು ತಡೆದರು. ಆಮೇಲೆ ನನ್ನತ್ತ ತಿರುಗಿ, “ಗಾಜಿನ ಸೀಸೆಗೆ ಅಂಟಿದ್ದು ಇದಕ್ಕೇಕೋ ಅಂಟಲಿಲ್ಲ?” ಎಂದು ಕೇಳಿದರು. ಕನ್ನಡ ಮೇಷ್ಟರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಿತ್ರರನ್ನು ಆಶ್ರಯಿಸಬೇಕಾಯಿತು.

ಚೆನ್ನಾಗಿ ತೊಳೆದ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಹರಡಿಕೊಳ್ಳುತ್ತದೆ. ಪಾಲಿಥೀನಿನ ಮೇಲೆ ಬಿಟ್ಟರೆ ಮುದುಡಿ ನಿಲ್ಲುತ್ತದೆ. ಮರ್ಮವಿರುವುದು ಇಲ್ಲಿಯೇ. ಯಾವ ಅಂಟೇ ಆಗಲಿ, ಹಿಡಿಯುವುದಕ್ಕೆ ಮುನ್ನ ಹರಡಬೇಕು. ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ ಸುಮಾರು 72 ಡೈನ್; ಪಾಲಿಥೀನಿನ ಮೇಲ್ಮೈಯ ಸೆಳೆತವಾದರೋ ಸುಮಾರು 31. ತನ್ನನ್ನು ಸೆಳೆಯುವವರಿಲ್ಲದ ಕಡೆ ನೀರು ತನ್ನಲ್ಲಿಯೇ ಕುಗ್ಗುತ್ತದೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿದ ಪಾಲಿಥೀನು ಕೇವಲ ಇಂಗಾಲ, ಜಲಜನಕಗಳ ಉದ್ದನೆಯ ಸರಪಣಿ. ಗುಣದಲ್ಲಿ ಮೇಣದ ದಾಯಾದಿ. ಅಂಟಿನ ಕೈಗೆ ಕೈ ಕೊಡುವ ಅಣುಗಳು ಅದರ ಮೈಮೇಲೆ ಇಲ್ಲ.

ಹಾಗಾದರೆ ಹಾಲಿನ ಪೊಟ್ಟಣದ ಮೇಲೆ ಬಣ್ಣದ ಅಕ್ಷರಗಳು ನಿಲ್ಲುವುದು ಹೇಗೆ? ಮುದ್ರಣಕ್ಕೆ ಮೊದಲೇ ಆ ಹಾಳೆಯ ಮೈಯನ್ನು ಮಾರ್ಪಡಿಸಿರುತ್ತಾರೆ. 1951ರಲ್ಲಿ ಡೆನ್ಮಾರ್ಕಿನ ವೆರ್ನರ್ ಐಸ್ಬಿ ಎಂಬಾತ ಈ ಕೆಲಸಕ್ಕೆ ವಿದ್ಯುತ್ತಿನ ಕರೋನಾ ವಿಸರ್ಜನೆಯನ್ನು ಬಳಕೆಗೆ ತಂದನು. ದಪ್ಪನೆಯ ಸೀಸೆಗಳಿಗಾದರೆ ಅನಿಲದ ಜ್ವಾಲೆಯನ್ನು ಕ್ಷಣಮಾತ್ರ ಸೋಕಿಸುವುದುಂಟು. ಎರಡರಲ್ಲಿಯೂ ನಡೆಯುವುದು ಒಂದೇ: ಆಮ್ಲಜನಕವು ಮೇಲ್ಪದರದ ಇಂಗಾಲದೊಡನೆ ಕೂಡಿಕೊಳ್ಳುತ್ತದೆ, ಮೇಲ್ಮೈಯ ಸೆಳೆತ 38 ಡೈನಿನ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಏರುತ್ತದೆ, ಮಸಿ ಹಿಡಿದು ನಿಲ್ಲುತ್ತದೆ. ಈ ಬದಲಾವಣೆಯ ಆಳ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ಮಾತ್ರ! ಒಳಗಿನ ಪ್ಲಾಸ್ಟಿಕ್ಕು ಇದ್ದಂತೆಯೇ ಇರುತ್ತದೆ.

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನು ಇನ್ನೂ ಹಟಮಾರಿ. ಅದರ ಮೈಯಿಂದ ಫ್ಲೋರಿನ್ನನ್ನು ಕಿತ್ತುಹಾಕಲು ಸೋಡಿಯಂ ಬೆರೆಸಿದ ದ್ರಾವಣವೇ ಬೇಕು. ಬೆಳ್ಳಗಿದ್ದುದು ಕಂದಾದಾಗ ಅಂಟಿಗೆ ಒಲಿಯಿತೆಂದು ತಿಳಿಯಬಹುದು.

ಆದರೆ ಈ ಮದ್ದುಗಳಲ್ಲಿ ವಿಷವೂ ಉಂಟು. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿಗೆ ಲೋಹದ ಹೊಳಪು ಕೊಡುವ ಮುನ್ನ ಅದನ್ನು ಬಿಸಿ ಕ್ರೋಮಿಕ್ ಆಮ್ಲದಲ್ಲಿ ಅದ್ದುತ್ತಾರೆ. ಆಮ್ಲವು ಅದರೊಳಗಿನ ರಬ್ಬರಿನ ಕಣಗಳನ್ನು ತಿಂದು ಸೂಕ್ಷ್ಮವಾದ ಕುಳಿಗಳನ್ನು ಬಿಡುತ್ತದೆ. ಲೋಹವು ಆ ಕುಳಿಗಳಲ್ಲಿ ಬೇರೂರುತ್ತದೆ. ಈ ಆಮ್ಲದ ಕ್ರೋಮಿಯಂ ಕ್ಯಾನ್ಸರ್‌ಕಾರಕ. ವಿಶೇಷ ಅನುಮತಿಯಿಲ್ಲದೆ ಅದನ್ನು ಬಳಸಕೂಡದೆಂಬ ಕಟ್ಟಳೆ ಐರೋಪ್ಯ ಒಕ್ಕೂಟದಲ್ಲಿ 2017ರಲ್ಲಿ ಜಾರಿಗೆ ಬಂದಿತು. ನಮ್ಮ ಕಣ್ಣಿಗೆ ಹಿತವಾದ ಹೊಳಪಿನ ಹಿಂದೆ ಆ ತೊಟ್ಟಿಯ ಆವಿಯನ್ನು ಉಸಿರಾಡಿದ ಕೆಲಸಗಾರನೊಬ್ಬನಿರುವುದನ್ನು ನಾವು ಮರೆಯಬಾರದು.

ಇವು ಯಾವುವೂ ಮನೆಯಲ್ಲಿ ಮಾಡಿ ನೋಡುವ ಪ್ರಯೋಗಗಳಲ್ಲ. ನಮ್ಮ ಮನೆಯ ಪರಿಹಾರ ಸರಳವಾದುದು. ಒಗೆಯುವ ಸೋಡ ಅಡಿಗೆಮನೆಯಿಂದಲೇ ಹೊರಬಿದ್ದು ಬಚ್ಚಲುಮನೆಯ ಗೂಡು ಸೇರಿದೆ. ಅಡಿಗೆ ಸೋಡ ಹಳೆಯ ಗಾಜಿನ ಸೀಸೆಗೆ ಮರಳಿದೆ. ಅದೇ ಮೈದಾ ಅಂಟು, ಅದೇ ಚೀಟಿ, ಭದ್ರವಾಗಿ ನಿಂತಿದೆ. ತಾವರೆಯೆಲೆಯ ಮೇಲಿನ ನೀರಿನಂತೆ ನಿರ್ಲಿಪ್ತನಾಗಿರಬೇಕೆಂದು ತರಗತಿಯಲ್ಲಿ ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಆ ಗುಣ ಯೋಗಿಗೆ ಭೂಷಣವಿರಬಹುದು. ಹೆಸರು ಹೊತ್ತು ನಿಲ್ಲಬೇಕಾದ ಡಬ್ಬಿಗೆ ಖಂಡಿತ ಅಲ್ಲ.